ಹಾಸಿಗೆ ಒದ್ದೆಯಾಗುವುದು ರಾತ್ರಿ, ಕೆಲಸ ಇರುವುದು ಹಗಲಲ್ಲಿ

ಮಳೆಗಾಲದಲ್ಲಿ ಒಂದು ಹತ್ತಿ ಹಾಸಿಗೆ ಒಣಗಲು ಮೂರು ದಿನ ಬೇಕು. ಬಿಸಿಲಿಲ್ಲ, ತಾರಸಿಗೆ ಹಾಕುವ ಹಾಗಿಲ್ಲ. ನಡುಮನೆಯಲ್ಲಿ ಎರಡು ಕುರ್ಚಿಗೆ ಒರಗಿಸಿ ಫ್ಯಾನ್ ಹಾಕಬೇಕು. ಬಂದವರ ಕಣ್ಣೆಲ್ಲ ಅದರ ಮೇಲೇ. "ಏನು, ಹಾಸಿಗೆ ಒಣಗಿಸ್ತಾ ಇದೀರ?" ಅಂತ ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆ ಬಂದಾಗಲೆಲ್ಲ ನನ್ನ ಮಗ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನಿಗೆ ಆಗ ಏಳು ವರ್ಷ, ರಾತ್ರಿ ನಿದ್ದೆಯಲ್ಲಿ ಹಾಸಿಗೆಯಲ್ಲೇ ಒಂದಕ್ಕೆ ಮಾಡಿಕೊಳ್ಳುತ್ತಿದ್ದ.

ಅವನು ದಿನಾ ಒಣ ಹಾಸಿಗೆಯಲ್ಲಿ ಏಳುವಂತಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ರಾತ್ರಿಯ ಕೆಲಸ. ಎಬ್ಬಿಸುವುದು, ಎತ್ತಿಕೊಂಡು ಹೋಗುವುದು, ಗದರುವುದು, ಆಮೇಲೆ ಗದರಿದ್ದಕ್ಕೆ ನಾನೇ ಅಳುವುದು. ಏನೂ ಬದಲಾಗಲಿಲ್ಲ. ಹಗಲಿನ ಕಡೆ ತಿರುಗಿದ ಮೇಲೆ ದಾರಿ ಕಾಣಿಸಿತು. ನಾನು ಡಾಕ್ಟರ್ ಅಲ್ಲ. ಡಾಕ್ಟರಿಂದ ಕೇಳಿದ್ದು, ಓದಿದ್ದು, ಮಾಡಿ ನೋಡಿದ್ದು ಇಲ್ಲಿದೆ.

ಮೊದಲು, ಯಾಕೆ ಆಗುತ್ತೆ ಅಂತ ತಿಳಿದುಕೊಳ್ಳಿ

ಐದು ವರ್ಷದೊಳಗಿನ ಮಗು ಹಾಸಿಗೆ ಒದ್ದೆ ಮಾಡಿದರೆ ಅದನ್ನು ತೊಂದರೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಐದು ತುಂಬಿದ ಮೇಲೂ 100 ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಇದು ಇರುತ್ತದೆ. ಹತ್ತು ವರ್ಷದ ಹೊತ್ತಿಗೆ ಸುಮಾರು 5 ಮಕ್ಕಳಿಗೆ ಉಳಿಯುತ್ತದೆ. ಗಂಡು ಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಅಂದರೆ ನಲವತ್ತು ಮಕ್ಕಳ ಒಂದನೇ ಕ್ಲಾಸಿನಲ್ಲಿ ನಿಮ್ಮ ಮಗುವಿನ ಜೊತೆ ಇನ್ನೂ ಮೂರ್ನಾಲ್ಕು ಮಕ್ಕಳು ಇದ್ದಾರೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಮೂರು ಸಂಗತಿ ಸೇರಿ ಇದಾಗುತ್ತದೆ. ರಾತ್ರಿ ಹೊತ್ತು ಮೂತ್ರ ಕಡಿಮೆ ತಯಾರಾಗಲಿ ಅಂತ ಮಿದುಳು ಒಂದು ಹಾರ್ಮೋನ್ ಬಿಡುತ್ತದೆ. ಅದರ ಹೆಸರು ವ್ಯಾಸೊಪ್ರೆಸಿನ್. ಕೆಲವು ಮಕ್ಕಳಲ್ಲಿ ಇದು ರಾತ್ರಿ ಸಾಕಷ್ಟು ಏರುವುದಿಲ್ಲ, ಹಾಗಾಗಿ ಹಗಲಿನಷ್ಟೇ ಮೂತ್ರ ರಾತ್ರಿಯೂ ಬರುತ್ತದೆ. ಇನ್ನು ಕೆಲವರಲ್ಲಿ ಮೂತ್ರಚೀಲ ಹೆಚ್ಚು ಹಿಡಿದುಕೊಳ್ಳುವುದಿಲ್ಲ. ಅರ್ಧ ತುಂಬಿದರೂ ಹಿಂಡಿಕೊಳ್ಳುತ್ತದೆ. ಮೂರನೆಯದು, "ತುಂಬಿದೆ, ಏಳು" ಅನ್ನುವ ಸುದ್ದಿ ಹೋದರೂ ಮಿದುಳು ಎಚ್ಚರವಾಗುವುದಿಲ್ಲ. ಮಗು ಸೋಮಾರಿತನದಿಂದ ಮಲಗಿಯೇ ಇದೆ ಅನ್ನುವುದು ಶುದ್ಧ ತಪ್ಪು. ಅದಕ್ಕೆ ಗೊತ್ತೇ ಆಗಿರುವುದಿಲ್ಲ.

ವಂಶದ ಪಾತ್ರವೂ ಇದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 40ರ ಮೇಲೆ. ಇಬ್ಬರಿಗೂ ಇದ್ದರೆ ಶೇ. 70ಕ್ಕೂ ಜಾಸ್ತಿ. ನಾನು ಇದನ್ನು ಊಟದ ಹೊತ್ತಿಗೆ ಸುಮ್ನೆ ಹೇಳಿದೆ. ಅತ್ತೆ ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು. "ನಿನ್ನ ಗಂಡನೂ ನಾಲ್ಕನೇ ಕ್ಲಾಸಿನವರೆಗೆ ಹೀಗೇ ಇದ್ದ ಕಣಮ್ಮ. ಎರಡು ಕೌದಿ ಹರಿದು ಹೋಯ್ತು ತೊಳೆದೂ ತೊಳೆದೂ" ಅಂದರು. ಯಜಮಾನರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು. ಮಗ ಮಾತ್ರ ಅಪ್ಪನ ಮುಖವನ್ನೇ ನೋಡುತ್ತಿದ್ದ. ಆವತ್ತಿನಿಂದ ಅವನು ಬಾಗಿಲು ಹಾಕಿಕೊಳ್ಳುವುದು ಕಡಿಮೆಯಾಯಿತು. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ. ಯಾರಾದರೂ ಒಬ್ಬರು ಸಿಗುತ್ತಾರೆ.

ಯಾವಾಗ ಕಾಯಬಾರದು

ಹುಟ್ಟಿದಾಗಿನಿಂದ ರಾತ್ರಿ ಒದ್ದೆ ಮಾಡುತ್ತಲೇ ಬಂದಿರುವುದು ಬೇರೆ, ಆರು ತಿಂಗಳೋ ಅದಕ್ಕೂ ಹೆಚ್ಚೋ ಒಣಗಿದ್ದು ಮತ್ತೆ ಶುರುವಾಗುವುದು ಬೇರೆ. ಎರಡನೆಯದಾದರೆ ಕಾರಣ ಹುಡುಕಲೇಬೇಕು. ತಮ್ಮನೋ ತಂಗಿಯೋ ಹುಟ್ಟಿದ್ದು, ಶಾಲೆ ಬದಲಾಗಿದ್ದು, ಮನೆಯಲ್ಲಿ ಜಗಳ, ಯಾರೋ ಹೆದರಿಸಿದ್ದು ಅಥವಾ ಕೈಮಾಡಿದ್ದು, ಹೀಗೆ ಏನಾದರೂ ಇರಬಹುದು.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಗು ಇದ್ದಕ್ಕಿದ್ದ ಹಾಗೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದೆ, ಪದೇ ಪದೇ ಒಂದಕ್ಕೆ ಹೋಗುತ್ತಿದೆ, ತೂಕ ಇಳಿಯುತ್ತಿದೆ, ಸುಸ್ತಾಗಿದೆ ಅಂದರೆ ಅದು ಮಕ್ಕಳ ಸಕ್ಕರೆ ಕಾಯಿಲೆ ಇರಬಹುದು. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ರಾತ್ರಿಯಾಗಿದ್ದರೂ ನೇರ ಆಸ್ಪತ್ರೆಗೇ ಹೋಗಿ.

ಉರಿಮೂತ್ರ, ಜ್ವರ, ಮೂತ್ರದಲ್ಲಿ ರಕ್ತ, ಹಗಲಲ್ಲೂ ಚಡ್ಡಿ ಒದ್ದೆ, ಧಾರೆ ಸರಿಯಾಗಿ ಬಾರದೆ ತೊಟ್ಟಿಕ್ಕುವುದು, ಕಾಲಿನಲ್ಲಿ ಬಲ ಇಲ್ಲದಿರುವುದು, ಇವಕ್ಕೂ ತಡ ಮಾಡಬೇಡಿ. ದಿನಾ ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾ ಬಾಯಿ ತೆರೆದು ಮಲಗುವ ಮಕ್ಕಳ ಮೂಗು ಗಂಟಲನ್ನೂ ತೋರಿಸಬೇಕು. ಉಸಿರು ಕಟ್ಟುವ ನಿದ್ದೆಗೂ ಹಾಸಿಗೆ ಒದ್ದೆಯಾಗುವುದಕ್ಕೂ ನಂಟಿದೆ.

ಇವು ಯಾವುವೂ ಇಲ್ಲದಿದ್ದರೆ ಸಾಮಾನ್ಯವಾಗಿ ಒಂದು ಮೂತ್ರ ಪರೀಕ್ಷೆ ಸಾಕು. ಸುಮ್ನೆ ಸ್ಕ್ಯಾನಿಂಗ್‌ಗೆ ಓಡುವುದು ಬೇಡ.

ಒಂದು ವಾರ ಬರೆದಿಡಿ

ನಾನು ಮೊದಲು ಹೋದ ಡಾಕ್ಟರು ಏನನ್ನೂ ಕೇಳದೆ "ದೊಡ್ಡವನಾದ ಮೇಲೆ ಸರಿಹೋಗುತ್ತೆ" ಅಂತ ಕಳಿಸಿದರು. ಸರಿಹೋಗುವುದು ನಿಜ, ಪ್ರತಿ ವರ್ಷ ಇಂಥ ಮಕ್ಕಳಲ್ಲಿ ಸುಮಾರು ಶೇ. 15 ಜನಕ್ಕೆ ತಾನಾಗಿಯೇ ನಿಲ್ಲುತ್ತದೆ. ಆದರೆ ನಮ್ಮ ಮಗು ಆ 15ರಲ್ಲಿ ಇದೆಯೋ ಉಳಿದ 85ರಲ್ಲೋ ಅಂತ ಕಾಯುತ್ತಾ ಕೂರುವುದು ಯಾಕೆ? ಎರಡನೇ ಡಾಕ್ಟರು ಒಂದು ನೋಟ್‌ಬುಕ್ ತರಲು ಹೇಳಿದರು. ಅಲ್ಲಿಂದ ಎಲ್ಲ ಶುರುವಾಯಿತು.

ಬರೆಯಬೇಕಾದ್ದು ಇಷ್ಟು: ಎಷ್ಟು ಗಂಟೆಗೆ ಏನು ಕುಡಿದ, ಎಷ್ಟು ಕುಡಿದ. ಯಾವಾಗ ಒಂದಕ್ಕೆ ಹೋದ, ಯಾವಾಗ ಎರಡಕ್ಕೆ ಹೋದ, ಗಟ್ಟಿಯಾಗಿತ್ತಾ. ರಾತ್ರಿ ಎಷ್ಟು ಹೊತ್ತಿಗೆ ಒದ್ದೆಯಾಯಿತು, ಒಂದು ಸಲವೋ ಎರಡು ಸಲವೋ. ಶನಿವಾರ, ಭಾನುವಾರ ಒಂದು ಅಳತೆ ಲೋಟ ಬಚ್ಚಲಿನಲ್ಲಿಟ್ಟು ಪ್ರತಿ ಸಲ ಎಷ್ಟು ಹೋದ ಅಂತಲೂ ಅಳೆಯಿರಿ. ಮಕ್ಕಳಿಗೆ ಇದು ಆಟದ ಹಾಗೆ, ಖುಷಿಯಿಂದ ಮಾಡುತ್ತಾರೆ. ಆ ಲೋಟ ಮತ್ತೆ ಅಡುಗೆಮನೆಗೆ ಬರಬಾರದು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ಲೆಕ್ಕ ಸುಲಭ. ಮಗುವಿನ ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿ. ಏಳು ವರ್ಷಕ್ಕೆ ಎಂಟು ಮೂವತ್ತಲಿ 240 ಮಿಲಿಲೀಟರ್. ಆ ವಯಸ್ಸಿನ ಮೂತ್ರಚೀಲ ಸುಮಾರು ಅಷ್ಟು ಹಿಡಿಯಬೇಕು. ನನ್ನ ಮಗನದು 130 ದಾಟುತ್ತಿರಲಿಲ್ಲ.

ನೋಟ್‌ಬುಕ್‌ನಲ್ಲಿ ಕಂಡ ಇನ್ನೊಂದು ವಿಷಯಕ್ಕೆ ನಾನೇ ಬೆಚ್ಚಿದೆ. ಬೆಳಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರೂವರೆವರೆಗಿನ ಸಾಲುಗಳು ಹೆಚ್ಚುಕಡಿಮೆ ಖಾಲಿ. ನೀರೂ ಇಲ್ಲ, ಒಂದಕ್ಕೂ ಇಲ್ಲ.

ತುಂಬಿದ ಬಾಟಲಿಯ ಕಥೆ

ಸಂಜೆ ಬ್ಯಾಗ್ ತೆಗೆದರೆ ನೀರಿನ ಬಾಟಲಿ ಬೆಳಗ್ಗೆ ಹೇಗೆ ಹೋಗಿತ್ತೋ ಹಾಗೇ ಬಂದಿರುತ್ತಿತ್ತು. ನಾನು ಬೈದು, ಚೆಲ್ಲಿ, ತೊಳೆದಿಡುತ್ತಿದ್ದೆ. ಯಾಕೆ ಕುಡಿಯಲ್ಲ ಅಂತ ಒಂದು ಸಲವೂ ಮೆತ್ತಗೆ ಕೇಳಿರಲಿಲ್ಲ. ಕೇಳಿದಾಗ ಹೇಳಿದ: "ಟಾಯ್ಲೆಟ್ ವಾಸನೆ ಅಮ್ಮ. ಚಿಲಕ ಇಲ್ಲ. ಕುಡಿದ್ರೆ ಹೋಗಬೇಕಾಗುತ್ತೆ."

ಇದು ಒಂದು ಶಾಲೆಯ ಕಥೆ ಅಲ್ಲ. ನನ್ನ ಪರಿಚಯದ ಎಷ್ಟೋ ತಾಯಂದಿರು ಇದನ್ನೇ ಹೇಳುತ್ತಾರೆ, ಹೆಣ್ಣು ಮಕ್ಕಳಿದ್ದರಂತೂ ಇನ್ನೂ ಜಾಸ್ತಿ. ಮಕ್ಕಳು ಹಗಲೆಲ್ಲ ಒಣಗಿಕೊಂಡು, ಬಿಗಿಹಿಡಿದುಕೊಂಡು ಕೂರುತ್ತಾರೆ. ಮನೆಗೆ ಬಂದ ಮೇಲೆ ಬಾಯಾರಿಕೆ ಶುರು. ಮಜ್ಜಿಗೆ, ನೀರು, ಜ್ಯೂಸು, ಊಟಕ್ಕೆ ಸಾರು, ಮಲಗುವಾಗ ಒಂದು ದೊಡ್ಡ ಲೋಟ ಹಾಲು. ದಿನದ ನೀರೆಲ್ಲ ಸಂಜೆ ಆರರಿಂದ ಒಂಬತ್ತರೊಳಗೆ ಹೊಟ್ಟೆಗೆ ಇಳಿಯುತ್ತದೆ. ಆಮೇಲೆ ರಾತ್ರಿ ಹಾಸಿಗೆ ಒದ್ದೆಯಾಯಿತು ಅಂತ ಮಗುವಿಗೆ ಬೈಯುತ್ತೇವೆ.

ಸಂಜೆ ನೀರು ಕೊಡದೆ ಬಾಯಿ ಒಣಗಿಸುವುದು ಪರಿಹಾರ ಅಲ್ಲ. ನೀರನ್ನು ಹಗಲಿಗೆ ಸರಿಸಬೇಕು. 4ರಿಂದ 8 ವರ್ಷದ ಮಗುವಿಗೆ ಕುಡಿಯುವುದೆಲ್ಲ ಸೇರಿ ದಿನಕ್ಕೆ 1ರಿಂದ 1.4 ಲೀಟರ್ ಬೇಕು. ಬಿಸಿಲಿನ ಊರಾದರೆ, ಆಟ ಜಾಸ್ತಿಯಾದರೆ ಇನ್ನೂ ಹೆಚ್ಚು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸಂಜೆ ಐದರೊಳಗೆ ಮುಗಿಯಬೇಕು, ಉಳಿದ ಒಂದು ಪಾಲು ಆಮೇಲೆ. ನಾವು ಮಾಡಿಕೊಂಡದ್ದು ಹೀಗೆ: ಎದ್ದ ತಕ್ಷಣ ಒಂದು ಲೋಟ ನೀರು, ತಿಂಡಿ ಜೊತೆ ಇನ್ನೊಂದು. ಶಾಲೆಯ ಬಾಟಲಿಗೆ ಬಣ್ಣದ ಟೇಪಿನಲ್ಲಿ ಎರಡು ಗೆರೆ. ಸಣ್ಣ ಬಿಡುವಿನ ಹೊತ್ತಿಗೆ ಮೊದಲ ಗೆರೆ, ಊಟದ ಹೊತ್ತಿಗೆ ಎರಡನೆಯದು. ಮನೆಗೆ ಬಂದ ಕೂಡಲೇ ಮಜ್ಜಿಗೆ. ರಾತ್ರಿಯ ಹಾಲನ್ನು ಸಂಜೆ ಐದಕ್ಕೆ ತಂದೆ. ಹಾಲು ಕುಡಿಯದೆ ಮಲಗಿದರೆ ಮಗು ಸೊರಗಿಹೋಗುತ್ತೆ ಅಂತ ಅತ್ತೆ ಒಂದು ವಾರ ಗೊಣಗಿದರು. ಐದು ಗಂಟೆಗೆ ಕುಡಿದರೂ ಹಾಲು ಹಾಲೇ. ಟೀ, ಕಾಫಿ, ಕೋಲಾ ಪೂರ್ತಿ ಬಂದ್. ಅವು ಮೂತ್ರಚೀಲವನ್ನು ಕೆಣಕುತ್ತವೆ. ರಾತ್ರಿ ಊಟ ಎಂಟರೊಳಗೆ, ಮಲಗುವ ಮುಂಚಿನ ಒಂದೂವರೆ ಗಂಟೆ ಬಾಯಾರಿದರೆ ಒಂದೆರಡು ಗುಟುಕು.

ಶಾಲೆಯವರ ಜೊತೆ ಮಾತಾಡಲೇಬೇಕು. ನಾನು ಟೀಚರಿಗೆ ಹಾಸಿಗೆಯ ವಿಷಯ ಹೇಳಲಿಲ್ಲ. "ಡಾಕ್ಟರು ಹೇಳಿದ್ದಾರೆ, ಎರಡು ಮೂರು ಗಂಟೆಗೊಮ್ಮೆ ಒಂದಕ್ಕೆ ಕಳಿಸಬೇಕು" ಅಂತ ಚೀಟಿ ಕೊಟ್ಟೆ, ಅಷ್ಟೇ. ಚಿಲಕದ ಮಾತನ್ನು ಪೋಷಕರ ಸಭೆಯಲ್ಲಿ ಎತ್ತಿದೆ. ಇನ್ನೂ ಐದಾರು ಜನ ದನಿಗೂಡಿಸಿದರು. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲಿ ಅಂತ ಹೊಡೆಯುವ ನೀರಿನ ಗಂಟೆ ನೋಡಿ ನಮ್ಮಲ್ಲೂ ಅದನ್ನು ತರುವ ಮಾತು ಬಂದಿತ್ತು, ನೆನಪಿರಬಹುದು. ಗಂಟೆ ಒಳ್ಳೆಯದೇ. ಆದರೆ ಕುಡಿದ ನೀರು ಹೋಗಲು ಚಿಲಕ ಇರುವ ಬಾಗಿಲೂ ಬೇಕು.

ಎರಡಕ್ಕೆ ಸರಿಯಾಗಿ ಹೋಗುತ್ತಿದೆಯಾ?

ಇದನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಮಲ ಕೂಡಿಕೊಳ್ಳುವ ಜಾಗ ಮೂತ್ರಚೀಲದ ಬೆನ್ನಿಗೇ ಇದೆ. ಅದು ಗಟ್ಟಿಯಾಗಿ ತುಂಬಿದ್ದರೆ ಮೂತ್ರಚೀಲಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಮಲಬದ್ಧತೆ ಸರಿಪಡಿಸಿದರೆ ಸಾಕು, ಕೆಲವು ಮಕ್ಕಳಲ್ಲಿ ಹಾಸಿಗೆ ಒದ್ದೆಯಾಗುವುದೂ ಕಡಿಮೆಯಾಗುತ್ತದೆ.

ದಿನಾ ಹೋಗುತ್ತಾನೆ ಅಂದ ಮಾತ್ರಕ್ಕೆ ಸರಿ ಅಂತಲ್ಲ. ಆಡಿನ ಹಿಕ್ಕೆಯ ಹಾಗೆ ಉಂಡೆ ಉಂಡೆ ಹೋಗುತ್ತಿದ್ದರೆ ಅದು ಮಲಬದ್ಧತೆಯೇ. ಪಪ್ಪಾಯಿ, ಸೊಪ್ಪಿನ ಸಾರು, ನೆನೆಸಿದ ಒಣದ್ರಾಕ್ಷಿ, ಹಗಲಿನ ನೀರು, ಇವು ಕೆಲಸ ಮಾಡುತ್ತವೆ. ತಿಂಡಿ ತಿಂದು ಹತ್ತು ನಿಮಿಷಕ್ಕೆ ಕರುಳು ತಾನೇ ಚುರುಕಾಗುತ್ತದೆ, ಆಗ ಐದು ನಿಮಿಷ ಕೂರಿಸಿ. ಸ್ಕೂಲ್ ವ್ಯಾನು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದರೆ ಇದು ಆಗದ ಮಾತು, ಹಾಗಾಗಿ ಇಪ್ಪತ್ತು ನಿಮಿಷ ಬೇಗ ಏಳಿಸಬೇಕು. ಕಮೋಡ್ ಇರುವ ಮನೆಯಲ್ಲಿ ಮಗುವಿನ ಕಾಲು ಗಾಳಿಯಲ್ಲಿ ನೇತಾಡುತ್ತಿರುತ್ತದೆ, ಮುಕ್ಕಲು ಬಲ ಸಿಗುವುದಿಲ್ಲ. ನಾವು ಊಟಕ್ಕೆ ಕೂರುತ್ತಿದ್ದ ಹಳೇ ಮಣೆಯೊಂದನ್ನು ಕಾಲಡಿಗೆ ಹಾಕಿದೆವು. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರು ಮಲ ಮೆತ್ತಗಾಗುವ ಔಷಧ ಕೊಡುತ್ತಾರೆ. ಅದನ್ನು ಎರಡು ದಿನಕ್ಕೆ ನಿಲ್ಲಿಸಬೇಡಿ, ಅವರು ಹೇಳಿದಷ್ಟು ದಿನ ಕೊಡಿ.

ರಾತ್ರಿಯ ವ್ಯವಸ್ಥೆ

ಮಲಗುವ ಅರ್ಧ ಗಂಟೆ ಮುಂಚೆ ಒಂದು ಸಲ, ದೀಪ ಆರಿಸುವ ಮುಂಚೆ ಇನ್ನೊಂದು ಸಲ ಒಂದಕ್ಕೆ ಕಳಿಸಿ. ಅವಸರ ಬೇಡ, ಪೂರ್ತಿ ಖಾಲಿಯಾಗಲಿ. ಬಚ್ಚಲು ಹಿತ್ತಲಲ್ಲಿ ಇರುವ ಮನೆಗಳಲ್ಲಿ ಮಗುವಿಗೆ ಎಚ್ಚರವಾದರೂ ಕತ್ತಲೆಗೆ ಹೆದರಿ ಹೋಗುವುದಿಲ್ಲ. ದಾರಿಯಲ್ಲಿ ಸಣ್ಣ ಬಲ್ಬ್ ಇರಲಿ, ಅಥವಾ ರೂಮಿನ ಮೂಲೆಯಲ್ಲಿ ಒಂದು ಬಕೆಟ್ ಇಡಿ.

ಹಾಸಿಗೆಯನ್ನು ಹೀಗೆ ಹಾಸಿ: ಮೊದಲು ರಬ್ಬರ್ ಶೀಟು, ಅದರ ಮೇಲೆ ಹತ್ತಿ ಬೆಡ್‌ಶೀಟು. ಅದರ ಮೇಲೆ ಮತ್ತೊಂದು ರಬ್ಬರ್ ಶೀಟು, ಮತ್ತೊಂದು ಬೆಡ್‌ಶೀಟು. ರಾತ್ರಿ ಎರಡಕ್ಕೆ ಒದ್ದೆಯಾದರೆ ಮೇಲಿನ ಜೋಡಿಯನ್ನು ಎಳೆದು ಬಕೆಟ್‌ಗೆ ಹಾಕಿದರೆ ಮುಗಿಯಿತು, ಕೆಳಗೆ ಒಣ ಹಾಸಿಗೆ ಸಿದ್ಧ. ದೊಡ್ಡ ಲೈಟ್ ಹಾಕಬೇಕಾಗಿಲ್ಲ, ಮನೆಯವರೆಲ್ಲ ಏಳಬೇಕಾಗಿಲ್ಲ. ನಮ್ಮ ಮನೆಯ ರಾತ್ರಿ ಜಗಳಗಳಲ್ಲಿ ಅರ್ಧ ಇದರಿಂದಲೇ ನಿಂತವು. ತಲೆದಿಂಬಿನ ಪಕ್ಕ ಒಂದು ಒಣ ಚಡ್ಡಿ ಮಡಿಸಿಡಿ. ಬೆಳಗ್ಗೆ ಸ್ನಾನ ಮಾಡಿಸಿಯೇ ಶಾಲೆಗೆ ಕಳಿಸಿ. ವಾಸನೆ ಬಂದರೆ ಪಕ್ಕದ ಮಕ್ಕಳು ಬಿಡುವುದಿಲ್ಲ.

ನಡುರಾತ್ರಿ ಎತ್ತಿಕೊಂಡು ಹೋಗಿ ಹುಯ್ಯಿಸುವುದನ್ನು ಎಲ್ಲರೂ ಮಾಡುತ್ತೇವೆ. ಆವತ್ತಿನ ಹಾಸಿಗೆ ಉಳಿಯುತ್ತದೆ, ನಿಜ. ಆದರೆ ಮಗು ನಿದ್ದೆಯಲ್ಲೇ ಹುಯ್ದು ನಿದ್ದೆಯಲ್ಲೇ ವಾಪಸ್ ಬರುತ್ತದೆ. ಕಲಿತಿದ್ದು ಏನೂ ಇಲ್ಲ. ಮದುವೆ ಮನೆಯಲ್ಲಿ ಇದ್ದಾಗ ಮಾಡಿ, ದಿನಾ ಅದನ್ನೇ ನಂಬಿ ಕೂರಬೇಡಿ.

ಏನು ಹೇಳಬೇಕು, ಏನು ಬೇಡ

"ಇನ್ನೊಂದ್ಸಲ ಮಾಡಿದ್ರೆ ಬರೆ ಎಳೀತೀನಿ ನೋಡು." ನಮ್ಮ ಕಡೆ ಈ ಮಾತು ಕೇಳದೆ ಬೆಳೆದವರು ಕಡಿಮೆ. ನಿದ್ದೆಯಲ್ಲಿ ಆಗುವ ಕೆಲಸಕ್ಕೆ ಎಚ್ಚರದಲ್ಲಿ ಶಿಕ್ಷೆ ಕೊಟ್ಟರೆ ಮಗುವಿಗೆ ಹೆದರಿಕೆ ಒಂದೇ ಉಳಿಯುತ್ತದೆ. ಹೊಡೆಯುವುದು, ಒದ್ದೆ ಬಟ್ಟೆಯಲ್ಲೇ ಕೂರಿಸುವುದು, ನೆಂಟರ ಮುಂದೆ ಹೇಳಿ ನಗುವುದು, ಯಾವುದೂ ಬೇಡ. ಅಣ್ಣ ಅಕ್ಕಂದಿರಿಗೂ ಕಟ್ಟುನಿಟ್ಟಾಗಿ ಹೇಳಿ.

ಗೋಡೆಯ ಕ್ಯಾಲೆಂಡರಿನಲ್ಲಿ ಸ್ಟಾರ್ ಅಂಟಿಸುವ ಅಭ್ಯಾಸ ಒಳ್ಳೆಯದು, ಆದರೆ ಒಣ ರಾತ್ರಿಗೆ ಸ್ಟಾರ್ ಕೊಡಬೇಡಿ. ಅದು ಮಗುವಿನ ಕೈಯಲ್ಲಿಲ್ಲ. ಬಾಟಲಿ ಖಾಲಿ ಮಾಡಿದ್ದಕ್ಕೆ, ಮಲಗುವ ಮುಂಚೆ ಹೇಳದೆಯೇ ಒಂದಕ್ಕೆ ಹೋಗಿದ್ದಕ್ಕೆ, ಬೆಳಗ್ಗೆ ಬೆಡ್‌ಶೀಟ್ ಎತ್ತಲು ಕೈಜೋಡಿಸಿದ್ದಕ್ಕೆ ಕೊಡಿ.

ಎಳ್ಳು ಬೆಲ್ಲದ ಉಂಡೆ ತಿನ್ನಿಸಿ ಅಂತ ನನಗೆ ಹೇಳದವರಿಲ್ಲ. ತಿನ್ನಿಸಿದೆ. ಉಂಡೆ ಚೆನ್ನಾಗಿತ್ತು, ಹಾಸಿಗೆ ಒದ್ದೆಯಾಗುತ್ತಲೇ ಇತ್ತು. ತಾಯತ ಕಟ್ಟಿಸುವವರು ಕಟ್ಟಿಸಿ, ನಾನು ಬೇಡ ಅನ್ನಲ್ಲ. ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಅದಕ್ಕಾಗಿ ಮುಂದೂಡಬೇಡಿ.

ಅಲಾರ್ಮ್, ಮಾತ್ರೆ

ಎರಡು ಮೂರು ತಿಂಗಳು ಹಗಲಿನ ಕೆಲಸ ಮಾಡಿಯೂ ಸಾಕಾಗದಿದ್ದರೆ, ಮಗುವಿಗೂ ನಿಲ್ಲಲಿ ಅಂತ ಆಸೆ ಇದ್ದರೆ, ಮುಂದಿನ ಹೆಜ್ಜೆ ಅಲಾರ್ಮ್. ಒಂದು ಸಣ್ಣ ಕ್ಲಿಪ್ಪನ್ನು ಚಡ್ಡಿಗೆ ಸಿಕ್ಕಿಸುತ್ತಾರೆ, ಸದ್ದು ಮಾಡುವ ಡಬ್ಬಿ ಭುಜದ ಹತ್ತಿರ ಇರುತ್ತದೆ. ಮೊದಲ ಹನಿ ಬಿದ್ದ ಕೂಡಲೇ ಕಿರುಚುತ್ತದೆ. ಆನ್‌ಲೈನ್‌ನಲ್ಲಿ ಸಿಗುತ್ತದೆ.

ಮೊದಲ ಎರಡು ವಾರ ಅದಕ್ಕೆ ಮಗು ಬಿಟ್ಟು ಎಲ್ಲರೂ ಏಳುತ್ತಾರೆ! ನಮ್ಮ ಮನೆಯಲ್ಲಿ ಪಕ್ಕದ ಮನೆಯ ನಾಯಿಯೂ ಎದ್ದಿತ್ತು. ಬೇಸರ ಪಡಬೇಡಿ. ನೀವು ಎದ್ದು ಮಗುವನ್ನು ಪೂರ್ತಿ ಎಚ್ಚರ ಮಾಡಿಸಿ, ಅದರ ಕೈಯಿಂದಲೇ ಅಲಾರ್ಮ್ ಆರಿಸಿ, ನಡೆಸಿಕೊಂಡು ಬಚ್ಚಲಿಗೆ ಹೋಗಬೇಕು. ಪ್ರತಿ ರಾತ್ರಿ, ಒಂದೂ ಬಿಡದೆ. ಒಂದು ತಿಂಗಳೊಳಗೆ ಸಣ್ಣ ಗುರುತು ಕಾಣಿಸಬೇಕು: ಒದ್ದೆಯ ಕಲೆ ಚಿಕ್ಕದಾಗುವುದು, ಸದ್ದು ಬೆಳಗಿನ ಜಾವದ ಕಡೆಗೆ ಸರಿಯುವುದು, ಸದ್ದಿಗೆ ಮಗು ತಾನೇ ಏಳುವುದು. ಏನೂ ಕಾಣದಿದ್ದರೆ ಡಾಕ್ಟರ ಜೊತೆ ಮಾತಾಡಿ. ಸತತವಾಗಿ 14 ರಾತ್ರಿ ಒಣಗಿದ್ದರೆ ನಿಲ್ಲಿಸಬಹುದು. ಬಳಸಿದ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಇದು ಕೆಲಸ ಮಾಡುತ್ತದೆ. ಕೆಲವರಿಗೆ ಮತ್ತೆ ಮರುಕಳಿಸುತ್ತದೆ, ಆಗ ಮತ್ತೊಂದು ಸುತ್ತು. ಮನೆಯಲ್ಲಿ ಹಸುಗೂಸು ಇದ್ದರೆ, ನಿಮಗೇ ನಿದ್ದೆ ಇಲ್ಲದೆ ತಾಳ್ಮೆ ಕೆಟ್ಟಿದ್ದರೆ ಇದು ಸರಿಯಾದ ಹೊತ್ತಲ್ಲ.

ಮಾತ್ರೆಯ ಹೆಸರು ಡೆಸ್ಮೊಪ್ರೆಸಿನ್. ಮೇಲೆ ಹೇಳಿದ ಹಾರ್ಮೋನಿನ ಕೆಲಸವನ್ನೇ ಇದು ಆ ಒಂದು ರಾತ್ರಿಗೆ ಮಾಡುತ್ತದೆ. ಬೇಗ ಫಲ ಕೊಡುತ್ತದೆ, ನಿಲ್ಲಿಸಿದರೆ ಎಷ್ಟೋ ಮಕ್ಕಳಿಗೆ ಮತ್ತೆ ಶುರು. ಡಾಕ್ಟರು ಬರೆದುಕೊಟ್ಟರೆ ಮಾತ್ರ ಕೊಡಬೇಕು. ಮಾತ್ರೆಗೆ ಒಂದು ಗಂಟೆ ಮುಂಚಿನಿಂದ ಆಮೇಲಿನ ಎಂಟು ಗಂಟೆಯವರೆಗೆ ಗುಟುಕು ನೀರಿಗಿಂತ ಹೆಚ್ಚು ಕುಡಿಯಬಾರದು. ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಫಿಟ್ಸ್‌ವರೆಗೂ ಹೋಗಬಹುದು. ವಾಂತಿ, ಭೇದಿ, ಜ್ವರ ಇರುವ ದಿನ ಕೊಡಬೇಡಿ. ಇದಕ್ಕೇ ಕೊಡುವ ಹಳೆಯ ಕಾಲದ ಇಮಿಪ್ರಮಿನ್ ಮಾತ್ರೆ ನಿಮ್ಮ ಮನೆಯಲ್ಲಿದ್ದರೆ ಬೀಗ ಹಾಕಿಡಿ. ಚಿಕ್ಕ ಮಗು ಹೆಚ್ಚು ನುಂಗಿದರೆ ಹೃದಯಕ್ಕೇ ಅಪಾಯ.

ಊರು, ಹಾಸ್ಟೆಲ್

ನವೋದಯ, ಮೊರಾರ್ಜಿ ವಸತಿ ಶಾಲೆಗಳಿಗೆ ಮಕ್ಕಳು ಆರನೇ ಕ್ಲಾಸಿಗೆ ಸೇರುತ್ತಾರೆ. ಆ ವಯಸ್ಸಿನಲ್ಲೂ ಕೆಲವರಿಗೆ ಇದು ಉಳಿದಿರುತ್ತದೆ. ಸೀಟು ಸಿಗಲಿ ಅಂತ ಓದಿಸುವ ವರ್ಷದಲ್ಲೇ ಇದಕ್ಕೂ ಚಿಕಿತ್ಸೆ ಶುರು ಮಾಡಿ, ಸೇರುವ ಹಿಂದಿನ ವಾರ ಅಲ್ಲ. ವಾರ್ಡನ್‌ಗೆ ಒಬ್ಬರಿಗೇ ಗುಟ್ಟಾಗಿ ತಿಳಿಸಿ, ಬಚ್ಚಲಿನ ಹತ್ತಿರದ ಹಾಸಿಗೆ ಕೇಳಿ. ಎರಡು ಮೂರು ದಿನದ ಪ್ರವಾಸಕ್ಕೆ ಡಾಕ್ಟರನ್ನು ಕೇಳಿ ಮಾತ್ರೆ ಕಳಿಸಬಹುದು. ಮೊದಲು ಮನೆಯಲ್ಲಿ ಕೊಟ್ಟು ನೋಡಿ. ರಾತ್ರಿ ನೀರು ಕುಡಿಯಬಾರದ ಲೆಕ್ಕವನ್ನು ಜೊತೆಗೆ ಹೋಗುವ ಟೀಚರಿಗೂ ಹೇಳಿಡಿ. ನೆಂಟರ ಮನೆಗೆ ಹೋದಾಗ ದೊಡ್ಡ ಮಕ್ಕಳ ಡೈಪರ್ ಹಾಕಿದರೆ ನಾಚಿಕೆ ಏನಿಲ್ಲ, ಮಗು ಒಪ್ಪಿದರೆ.

ನಮ್ಮ ಅಲಾರ್ಮ್ ಈಗ ನಾದಿನಿಯ ಮನೆಯಲ್ಲಿದೆ. ಅವಳ ಮಗಳಿಗೆ ಆರೂವರೆ ವರ್ಷ. ಕ್ಲಿಪ್ ತೊಳೆದು, ಹೊಸ ಸೆಲ್ ಹಾಕಿ, ಜೊತೆಗೆ ಟೇಪಿನ ಗೆರೆ ಹಾಕಿದ ಒಂದು ಬಾಟಲಿಯನ್ನೂ ಕೊಟ್ಟೆ. "ಮೊದಲು ಬಾಟಲಿ. ಡಬ್ಬಿ ಆಮೇಲೆ ತೆಗಿ" ಅಂತ ಹೇಳಿದೀನಿ.